ನೂಲು ಬಿಚ್ಚುವ ಕೈಗಳ ದೂರು ಬಂದಾಗ

ಮಾನ್ಯ ಸದಸ್ಯರೇ,

ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಮ್ಮೆಪಡುತ್ತೇವೆ. ಆ ಗೂಡಿನಿಂದ ನೂಲು ಬಿಚ್ಚುವ ಮಹಿಳೆಯರ ಬೆರಳುಗಳನ್ನು ನೋಡಿದ್ದೇವೆಯೇ? ದಿನವಿಡೀ ಬೇಸಿನ್ನಿನ ಬಿಸಿನೀರಿನಲ್ಲಿ ನೆನೆದು ಚರ್ಮ ಬಿರಿದಿರುತ್ತದೆ. ನೀರು ಬದಲಿಸುವುದಿಲ್ಲ, ಸಾಬೂನಿಲ್ಲ, ಹುಳುವಿನ ನಾತದ ಕೈಯಲ್ಲೇ ಊಟ ಎಂದು ಒಬ್ಬಾಕೆ ದೂರಿದರೆ ಏನು ಮಾಡುವಿರಿ?

ಘಟಕಕ್ಕೆ ಬೀಗ ಹಾಕಿಸಿದರೆ ಮೊದಲು ಕೂಲಿ ತಪ್ಪುವುದು ಆಕೆಗೇ. ಮಾಲೀಕರು ನಮ್ಮವರೆಂದು ಸುಮ್ಮನಿರುವುದು ಇನ್ನೂ ಸುಲಭ, ಅದನ್ನು ಮಾಡಿಯೂ ಇದ್ದೇವೆ.

ಆಕೆಯ ಹೆಸರನ್ನು ಎಲ್ಲಿಯೂ ಎತ್ತದೆ, ಆರೋಗ್ಯ ಸಿಬ್ಬಂದಿಯೊಡನೆ ಊರಿನ ಎಲ್ಲ ಘಟಕಗಳಿಗೂ ಹೋಗಿರಿ. ಒಂದಕ್ಕೇ ಹೋದರೆ ಹೆಸರು ಹೇಳಿದಂತೆಯೇ. ನೀರು ಬದಲಿಸಲು, ಕೈತೊಳೆಯುವ ನಲ್ಲಿ ಹಾಕಿಸಲು ಪಿಡಿಒ ಅವರಿಂದ ಲಿಖಿತ ಗಡುವು ಕೊಡಿಸಿರಿ. ಗಡುವು ಮೀರಿದರೆ ಪರವಾನಗಿಯ ವಿಷಯವನ್ನು ಪಂಚಾಯಿತಿ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸಿರಿ.