ದೇವರನ್ನು ಹೊತ್ತವರು

(ಜಾತ್ರೆಯ ನಿಮಿತ್ತ ದೇವಸ್ಥಾನದ ಆವರಣದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ಕಾಲದ ಚಿತ್ರರಂಗದ ಕಲಾವಿದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಮೀಟಿಯವರು ಅಪ್ಪಣೆ ಮಾಡಿದ್ದಾರೆ. ಗುಡಿಯ ಅಂಗಳದಲ್ಲಿ ಸಿನೇಮಾದ ಮಾತೇಕೆ ಎಂದು ಹಿರಿಯರೊಬ್ಬರು ನಿನ್ನೆ ನನ್ನನ್ನು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕೊಡುವುದೇ ನನ್ನ ಇಂದಿನ ಭಾಷಣ ಎಂದು ತಿಳಿಯಿರಿ.

ನಮ್ಮ ಮನೆಯ ದೇವರ ಜಗುಲಿಯ ಮೇಲೆ ಪಾಂಡುರಂಗನ ಪಕ್ಕದಲ್ಲಿ ತುಕಾರಾಮ ಮಹಾರಾಜರ ಒಂದು ಪಟವಿತ್ತು. ತಲೆಗೆ ಪಾಗೋಟೆ, ಹಣೆಗೆ ಗಂಧ, ಕೈಯಲ್ಲಿ ವೀಣೆ, ಅರೆಮುಚ್ಚಿದ ಕಣ್ಣು. ನಮ್ಮ ಅಜ್ಜ ಪಂಢರಪುರದ ವಾರಿ ತಪ್ಪಿಸದವರು. ದಿನವೂ ಆ ಪಟಕ್ಕೆ ಹೂವೇರಿಸಿ ಕೈ ಮುಗಿಯುತ್ತಿದ್ದರು. ನಾನು ದೊಡ್ಡವನಾಗಿ 'ಸಂತ ತುಕಾರಾಮ' ಎಂಬ ಹಳೆಯ ಚಿತ್ರ ನೋಡಿದಾಗ ಬೆರಗಾದೆ. ನಮ್ಮ ಜಗುಲಿಯ ಮೇಲಿನ ಮುಖವೇ ಪರದೆಯ ಮೇಲೆ ಹಾಡುತ್ತಿತ್ತು! ಅದು ವಿಷ್ಣುಪಂತ ಪಾಗ್ನೀಸ ಎಂಬ ನಟರ ಮುಖ. ಚಿತ್ರ ಬಂದ ಮೇಲೆ ಎಷ್ಟೋ ಮನೆಗಳ ಪಟದೊಳಗಿನ ತುಕಾರಾಮರಿಗೆ ಅದೇ ಮುಖ ಬಂದಿತ್ತು. ನಮ್ಮ ಅಜ್ಜನಿಗೆ ಆ ನಟರ ಹೆಸರು ಗೊತ್ತಿತ್ತೋ ಇಲ್ಲವೋ, ಕೇಳುವ ಮೊದಲೇ ಅಜ್ಜ ಹೋಗಿಬಿಟ್ಟಿದ್ದರು.

ಈ ಕಥೆ ಎಲ್ಲಿಂದ ಆರಂಭವಾಯಿತೆಂಬುದನ್ನು ಸ್ವಲ್ಪ ನೋಡೋಣ. ನಮ್ಮ ನೆರೆಯ ಸಾಂಗಲಿಗೆ ಕರ್ನಾಟಕದ ಭಾಗವತರ ಮೇಳವೊಂದು ಬಂದು ಆಟವಾಡಿತು. ಅದನ್ನು ಮೆಚ್ಚಿದ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಇಂಥದೊಂದು ಆಗಬೇಕೆಂದರು. ಅವರ ಮಾತಿನಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಆರಂಭವಾಯಿತೆನ್ನುತ್ತಾರೆ. ಕನ್ನಡದ ಮೇಳದಿಂದ ಮರಾಠಿ ನಾಟಕಕ್ಕೆ ಪ್ರೇರಣೆ, ನಾಟಕದಿಂದ ಸಿನೇಮಾಕ್ಕೆ ನಟರು. ಗಡಿಯಲ್ಲಿ ಎರಡೂ ನುಡಿಯನ್ನು ಆಡಿಕೊಂಡು ಬಾಳುವ ನಮಗೆ ಇದು ಅಭಿಮಾನದ ಸಂಗತಿ.

ದಾದಾಸಾಹೇಬ ಫಾಳಕೆಯವರು 1870ರಲ್ಲಿ ಹುಟ್ಟಿದ್ದು ಜ್ಯೋತಿರ್ಲಿಂಗ ಕ್ಷೇತ್ರವಾದ ತ್ರ್ಯಂಬಕೇಶ್ವರದಲ್ಲಿ. ಮುಂಬಯಿಯಲ್ಲಿ ಏಸುಕ್ರಿಸ್ತನ ಜೀವನದ ಚಿತ್ರವೊಂದನ್ನು ನೋಡುತ್ತ ಕುಳಿತಾಗ, ನಮ್ಮ ರಾಮ-ಕೃಷ್ಣರನ್ನು ಹೀಗೆ ಪರದೆಯ ಮೇಲೆ ಕಾಣುವುದು ಎಂದಿಗೆ ಎಂಬ ಹಂಬಲ ಅವರಿಗೆ ಹುಟ್ಟಿತು. ವಿಮೆಯ ಪತ್ರ ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮರಾ ತಂದರು. ಹಣ ಸಾಲದಾದಾಗ ಅವರ ಪತ್ನಿ ಸರಸ್ವತಿಬಾಯಿ ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಆ ತಾಯಿ ಚಿತ್ರದ ಮಂದಿಗೆಲ್ಲ ಅಡುಗೆ ಮಾಡಿ ಬಡಿಸಿದರು. ರಾತ್ರಿ ಕುಳಿತು ಫಿಲ್ಮಿನ ಅಂಚಿಗೆ ತೂತು ಹಾಕುವ ಕೆಲಸವನ್ನೂ ಮಾಡಿದರು.

ಹರಿಶ್ಚಂದ್ರನ ಕಥೆ ಆರಿಸಿದ್ದಾಯಿತು. ಆದರೆ ತಾರಾಮತಿ ಎಲ್ಲಿ? ಮಾನವಂತರ ಮನೆಯವರು ಬರಲಿಲ್ಲ. ಸಮಾಜ ಹೊರಗಿಟ್ಟಿದ್ದ ಹೆಂಗಸರು ಕೂಡ ಸಿನೇಮಾದ ಕೆಲಸ ನಮಗೆ ಬೇಡವೆಂದರು. ಕಡೆಗೆ ಒಂದು ಖಾನಾವಳಿಯಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ತರುಣ ಫಾಳಕೆಯವರ ಕಣ್ಣಿಗೆ ಬಿದ್ದ. ಅವನೇ ಸೀರೆ ಉಟ್ಟು ತಾರಾಮತಿಯಾದ. ಫಾಳಕೆಯವರ ಮಗ ಭಾಲಚಂದ್ರನೇ ರೋಹಿತಾಶ್ವನಾದ. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ತೆರೆ ಕಂಡಿತು. ಅದೇ ವರ್ಷ 'ಮೋಹಿನಿ ಭಸ್ಮಾಸುರ' ಚಿತ್ರದಲ್ಲಿ ದುರ್ಗಾಬಾಯಿ ಕಾಮತ ಪಾರ್ವತಿಯಾಗಿ, ಅವರ ಮಗಳು ಕಮಲಾಬಾಯಿ ಮೋಹಿನಿಯಾಗಿ ಬಂದರು. ತಾಯಿ-ಮಗಳು ಜನರ ಮಾತಿಗೆ ಅಂಜದೆ ಹಾಕಿದ ಹೆಜ್ಜೆ ಅದು.

1917ರ 'ಲಂಕಾ ದಹನ'ದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ರಾಮನೂ ಸಾಳುಂಕೆಯೇ, ಸೀತೆಯೂ ಸಾಳುಂಕೆಯೇ! ಒಲೆಯ ಮುಂದಿನಿಂದ ಎದ್ದು ಬಂದ ಒಬ್ಬನೇ ಮನುಷ್ಯ ಅಯೋಧ್ಯೆಯ ಒಡೆಯನೂ ಆದ, ಅಶೋಕವನದ ಜಾನಕಿಯೂ ಆದ. ಪರದೆಯ ಮೇಲೆ ರಾಮ ಕಾಣಿಸಿಕೊಂಡೊಡನೆ ಮಂದಿ ಕಾಲಿನ ಚಪ್ಪಲಿ ಬಿಟ್ಟು ಕೈ ಮುಗಿದರೆಂದು ಆ ಕಾಲದವರು ಹೇಳಿದ್ದಾರೆ. ಅವರು ಮುಗ್ಧರೆಂದು ನಗಬೇಡಿರಿ. ಮಣ್ಣಿನಲ್ಲಿ ಗಣಪತಿಯನ್ನು, ಕಲ್ಲಿನಲ್ಲಿ ಲಿಂಗವನ್ನು ಕಂಡ ಜನ ಬೆಳಕಿನಲ್ಲಿ ರಾಮನನ್ನು ಕಂಡರೆ ಆಶ್ಚರ್ಯವೇನು?

ಇನ್ನು 'ಸಂತ ತುಕಾರಾಮ'ಕ್ಕೆ ಬರೋಣ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿ ಆಮೇಲೆ ಪುಣೆಗೆ ಹೋದ ಪ್ರಭಾತ್ ಕಂಪನಿ 1936ರಲ್ಲಿ ಈ ಚಿತ್ರ ತೆಗೆಯಿತು. ನಿರ್ದೇಶಕರು ಇಬ್ಬರು: ವಿಷ್ಣುಪಂತ ದಾಮಲೆ ಮತ್ತು ಶೇಖ್ ಫತ್ತೇಲಾಲ್. ವಿಠ್ಠಲನ ಭಕ್ತನ ಕಥೆಯನ್ನು ಒಬ್ಬ ಹಿಂದೂ, ಒಬ್ಬ ಮುಸಲ್ಮಾನ ಕೂಡಿ ತೆಗೆದರು. ಪಾಗ್ನೀಸರು ಅದಕ್ಕೆ ಮೊದಲು ನಾಟಕದಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು. ಆ ನಯ ನಾಜೂಕನ್ನೇ ಅವರು ತುಕಾರಾಮರ ಮೃದುತನಕ್ಕೆ ತಿರುಗಿಸಿದರು. ತುಕಾರಾಮರ ಹೆಂಡತಿಯಾಗಿ ಬಂದ ಗೌರಿ ಎಂಬಾಕೆ ದೊಡ್ಡ ನಟಿಯೆಂದು ಹೆಸರಾದವಳಲ್ಲ. ಆದರೆ ಮಗ ಕಾಯಿಲೆ ಬಿದ್ದಾಗ ಸೀದಾ ಗುಡಿಗೆ ಹೋಗಿ ವಿಠೋಬನ ಸಂಗಡ ಜಗಳಕ್ಕೆ ನಿಲ್ಲುವ ಆ ಬಡ ಸಂಸಾರಸ್ಥೆಯನ್ನು ನೋಡಿ ಅಳದವರಿಲ್ಲ, ನಗದವರೂ ಇಲ್ಲ. ಮುಂಬಯಿಯಲ್ಲಿ ಚಿತ್ರ ಒಂದೇ ಕಡೆ ವರ್ಷಕ್ಕೂ ಮಿಕ್ಕಿ ಓಡಿತು. 1937ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ದೇಹೂ ಗ್ರಾಮದ ಭಕ್ತ ಸಮುದ್ರದಾಚೆಗೂ ಹೋಗಿ ಬಂದ ಹಾಗಾಯಿತು.

ಪಾಗ್ನೀಸರು ಮುಂದೆ 1940ರಲ್ಲಿ 'ನರಸೀ ಭಗತ್' ಚಿತ್ರದಲ್ಲಿ ಗುಜರಾತದ ನರಸಿ ಮೆಹತಾ ಆದರು. ಗಾಂಧೀಜಿಯವರಿಗೆ ಪ್ರಿಯವಾದ ನರಸಿ ಮೆಹತಾರ ಭಜನೆ ಆ ಚಿತ್ರದಲ್ಲಿದೆ. ಅವರ ಸಂಗಡ ಅದನ್ನು ಹಾಡಿದವರು ಯಾರು ಗೊತ್ತೇ? ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ! ಅಂದಿನ ವಿಜಾಪುರ ಜಿಲ್ಲೆಯ ಒಂದು ಮುಸಲ್ಮಾನ ಮನೆತನದ ಹೆಣ್ಣುಮಗಳು ತನ್ನ ನಾಡಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಮುಂಬಯಿಗೆ ಹೋದಳು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದಳು. ಗಳಿಸಿದ ಮೇಲೆ ಹುಟ್ಟಿದ ನಾಡನ್ನು ಮರೆಯದೆ ವಿಜಾಪುರದಲ್ಲಿ ಅಮೀರ್ ಟಾಕೀಜ್ ಕಟ್ಟಿಸಿದಳು. ಆಕೆಯ ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಆ ನಾಟಕಗಳಲ್ಲಿ ಬಾಲಗಂಧರ್ವರೇ ವಹಿಸುತ್ತಿದ್ದ ಸ್ತ್ರೀ ಪಾತ್ರಗಳನ್ನು ಮುಂದೆ ಆಕೆ ವಹಿಸಿದರು. ಜನ ಆಕೆಯನ್ನು ಆಡಿಕೊಂಡದ್ದೇ ಹೆಚ್ಚು. ಹಾಡಿಗೆ ತಲೆದೂಗಿದ ಮಂದಿಯೇ ಹಾಡಿದವಳ ಬಗ್ಗೆ ಕೊಂಕು ನುಡಿದರು.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತಯಾರಾದದ್ದೂ ಕೊಲ್ಲಾಪುರದಲ್ಲಿಯೇ, ಛತ್ರಪತಿ ಸಿನಿಟೋನಿನಲ್ಲಿ. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. 'ರಾಜಾ ಹರಿಶ್ಚಂದ್ರ'ವೂ ಪೂರ್ತಿಯಾಗಿ ಉಳಿದಿಲ್ಲ. ಫಾಳಕೆಯವರು ಕೊನೆಯ ಚಿತ್ರ 'ಗಂಗಾವತರಣ'ವನ್ನು 1937ರಲ್ಲಿ ಮಾಡಿ, ಜನ ಮರೆತ ಮೇಲೆ 1944ರಲ್ಲಿ ನಾಸಿಕದಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ಹುಟ್ಟಿದ್ದು 1969ರಲ್ಲಿ, ಅಂದರೆ ಅವರು ಹೋಗಿ ಇಪ್ಪತ್ತೈದು ವರ್ಷಕ್ಕೆ.

ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಾಂತಾ ಹುಬಳೀಕರರದು ಇದೇ ಕಥೆ. 1939ರಲ್ಲಿ ಶಾಂತಾರಾಮರ 'ಮಾಣೂಸ' ಚಿತ್ರದ ಮೈನಾ ಆಗಿ ಅವರು ಮರಾಠಿಗರ ಮನೆಮಾತಾದರು. 1942ರಲ್ಲಿ ಗುಬ್ಬಿ ವೀರಣ್ಣನವರ ಸಂಗಡ ಕನ್ನಡದ 'ಜೀವನ ನಾಟಕ'ದಲ್ಲಿ ನಟಿಸಿದರು. ಅದೇ ಶಾಂತಾಬಾಯಿ ಮುಪ್ಪಿನಲ್ಲಿ ಆಶ್ರಮವೊಂದರಲ್ಲಿ ದಿನ ಕಳೆಯಬೇಕಾಯಿತು. 1992ರಲ್ಲಿ ತೀರಿಕೊಂಡರು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನಾನು ಸಣ್ಣವನಿದ್ದಾಗ ಒಂದೂರ ಜಾತ್ರೆಗೆ ಅಜ್ಜಿಯ ಸಂಗಡ ಹೋಗಿದ್ದೆ. ರಾತ್ರಿ ಪಾರಿಜಾತದ ಆಟ. ಕೃಷ್ಣನ ಸೋಗು ಬಂದಾಗ ಅಜ್ಜಿ ನನ್ನನ್ನು ಮುಂದೆ ನೂಕಿ ಕಾಲು ಮುಟ್ಟಿಸಿದಳು, ತಟ್ಟೆಗೆ ನಾಲ್ಕಾಣೆ ಹಾಕಿಸಿದಳು. ಬೆಳಗಿನಲ್ಲಿ ನಾವು ಮೋಟಾರಿನ ದಾರಿ ಕಾಯುತ್ತಿದ್ದಾಗ ಅದೇ ಮನುಷ್ಯ ಗಂಟು ತಲೆಗಿಟ್ಟುಕೊಂಡು ಮರದ ಕೆಳಗೆ ಕುಳಿತಿದ್ದ. ಕಿವಿಯ ಹಿಂದೆ ನೀಲಿ ಬಣ್ಣ ಹಾಗೇ ಇತ್ತು, ಬೀಡಿ ಸೇದಿ ಕೆಮ್ಮುತ್ತಿದ್ದ. ಊರ ಮಂದಿ ನೋಡಿಯೂ ನೋಡದವರಂತೆ ಹೋಗುತ್ತಿದ್ದರು. ನಾನು, "ಅಜ್ಜೀ, ಕೃಷ್ಣ ಬೀಡಿ ಸೇದಾಕ ಹತ್ಯಾನ" ಎಂದು ಕಿಸಕ್ಕನೆ ನಕ್ಕೆ. ಅಜ್ಜಿ ನನ್ನ ಕಿವಿ ಹಿಂಡಿ, "ರಾತ್ರಿ ಕಾಲಿಗೆ ಬಿದ್ದಿ, ಹಗಲ ನಗತೀ ಏನೋ? ದೇವರನ್ನ ಹೊತ್ತು ದಣದಾನಪಾ ಅಂವ" ಎಂದಳು. ತನ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ ನನ್ನ ಕೈಯಿಂದಲೇ ಕೊಡಿಸಿದಳು. ಆ ಮನುಷ್ಯ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ.

ಬಂಧುಗಳೇ, ಅಜ್ಜಿಯ ಆ ಮಾತೇ ನನ್ನ ಉತ್ತರ. ಪಲ್ಲಕ್ಕಿ ಹೊತ್ತವರಿಗೆ ನಾವು ನೀರು ಕೊಡುತ್ತೇವೆ, ಹೆಗಲು ಕೊಡುತ್ತೇವೆ. ಸಾಳುಂಕೆ, ಪಾಗ್ನೀಸ, ಅಮೀರಬಾಯಿ ಇವರೂ ದೇವರನ್ನು ಹೊತ್ತವರೇ. ಹೆಗಲ ಮೇಲಲ್ಲ, ಮುಖದ ಮೇಲೆ, ಕಂಠದಲ್ಲಿ. ಗುಡಿಗೆ ಬರಲು ಆಗದವರ ಹತ್ತಿರಕ್ಕೆ ದೇವರನ್ನು ಒಯ್ದವರು. ಇಂಥವರ ಮಾತು ಗುಡಿಯ ಅಂಗಳದಲ್ಲಿ ಆಡದೆ ಇನ್ನೆಲ್ಲಿ ಆಡೋಣ?

ಸತ್ತವರಿಗೆ ನಾವು ಏನನ್ನೂ ಕೊಡಲಾರೆವು. ಆದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬಯಲಾಟ, ಪಾರಿಜಾತ, ಭಜನೆಗಳಲ್ಲಿ ಆಯುಷ್ಯ ಸವೆಸಿದ ಮುದುಕರು, ಮುದುಕಿಯರು ಇದ್ದಾರೆ. ಆದ್ದರಿಂದ ಕಮೀಟಿಯವರಲ್ಲಿ ಎರಡು ವಿನಂತಿ ಮಾಡುತ್ತೇನೆ. ಒಂದು, ಜಾತ್ರೆಗೆ ಬಂದ ಕಲಾವಿದರನ್ನು ರಾತ್ರಿ ವೇಷದಲ್ಲಿ ಮಾತ್ರವಲ್ಲ, ಮರುದಿನ ಬೆಳಿಗ್ಗೆ ಬಣ್ಣ ತೊಳೆದ ಮುಖದಲ್ಲಿಯೂ ದೇವರ ಮುಂದೆ ಕೂಡಿಸಿ, ಹೆಸರು ಹಿಡಿದು ಕರೆದು, ಪ್ರಸಾದ ಕೊಟ್ಟು ಕಳಿಸಬೇಕು. ಆ ಹೆಸರುಗಳು ದೇಣಿಗೆ ಕೊಟ್ಟವರ ಹೆಸರಿನ ಸಂಗಡ ಪ್ರತಿ ಸಲದ ಪುಸ್ತಕದಲ್ಲಿ ಅಚ್ಚಾಗಬೇಕು. ಎರಡು, ಜಾತ್ರೆಯ ವಂತಿಗೆಯಲ್ಲಿ ಒಂದು ಸಣ್ಣ ಪಾಲನ್ನು ಕೈಲಾಗದ ಹಳೆಯ ಕಲಾವಿದರ ಔಷಧಕ್ಕೆಂದು ತೆಗೆದಿಡಬೇಕು. ನನ್ನ ಕೈಲಾದ ಮೊದಲ ಕಾಣಿಕೆಯನ್ನು ಈಗಲೇ ಪಂಚರ ಕೈಗೆ ಒಪ್ಪಿಸುತ್ತೇನೆ.

ನಮ್ಮ ಜಗುಲಿಯ ಮೇಲೆ ಆ ಪಟ ಇನ್ನೂ ಇದೆ. ಈಗ ನಾನು ಕೈ ಮುಗಿಯುವಾಗ ತುಕಾರಾಮರ ಹೆಸರು ಹೇಳಿ, ಆಮೇಲೆ ಮನಸ್ಸಿನಲ್ಲಿಯೇ ಪಾಗ್ನೀಸರ ಹೆಸರನ್ನೂ ಹೇಳುತ್ತೇನೆ. ತುಕಾರಾಮರಿಗೆ ಅದರಿಂದ ಬೇಸರವಾಗಲಾರದು ಎಂದು ನನ್ನ ನಂಬಿಕೆ.