ಕಡತದಲ್ಲಿಲ್ಲದ ಶೌರ್ಯ

(ಬಸವನ ಬಾಗೇವಾಡಿಯಲ್ಲಿ ಮಾಜಿ ಸೈನಿಕರೂ ರೈತರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಎತ್ತಿಕೊಂಡಿರುವ ವಿಷಯ ಮೇಲುನೋಟಕ್ಕೆ ಚಿಕ್ಕದು. ಒಬ್ಬ ಸಿಪಾಯಿ ಯುದ್ಧದಲ್ಲಿ ಶೌರ್ಯ ತೋರಿಸಿದ. ಅವನಿಗೆ ಪದಕ ಬಂತು, ಇಲ್ಲವೆ ಬರಬೇಕಾಗಿತ್ತು. ಆದರೆ ಸರಕಾರದ ಕಾಗದದಲ್ಲಿ ಅದರ ಸುಳಿವೇ ಇಲ್ಲ. ಅವನು ಊರಿಗೆ ಬಂದು ಹೊಲ ಹಿಡಿದ, ಮುದುಕನಾದ, ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದ. "ರೆಕಾರ್ಡಿನಲ್ಲಿ ಇಲ್ಲ" ಎಂಬ ಎರಡು ಶಬ್ದ ಕೇಳಿಸಿಕೊಂಡು ಹಿಂದಿರುಗಿದ. ಇಷ್ಟರಲ್ಲಿ ಸಭೆ ಕೂಡಿ ವಿಚಾರ ಮಾಡುವಂಥದು ಏನಿದೆ ಎಂದು ಕೆಲವರು ಕೇಳಿಯಾರು.

ವಿಚಾರ ಮಾಡುವಂಥದು ಬಹಳ ಇದೆ. ಕಾಗದದಲ್ಲಿ ಇಲ್ಲದವನು ಲೋಕದಲ್ಲಿಯೇ ಇಲ್ಲ ಎಂಬ ಈ ನ್ಯಾಯ ಸಿಪಾಯಿಯೊಬ್ಬನ ಪಾಡಲ್ಲ. ಉತಾರದಲ್ಲಿ ಹೆಸರಿಲ್ಲದ ಗೇಣಿದಾರನಿಗೂ ಅದೇ ಉತ್ತರ. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮುಳುಗಡೆಯವನಿಗೂ ಅದೇ ಉತ್ತರ. ದುಡಿದವನು ಒಬ್ಬ, ಬರೆದವನು ಇನ್ನೊಬ್ಬ. ಬರೆದವನ ಕೈ ತಪ್ಪಿದರೆ ದಂಡ ತೆರುವವನು ದುಡಿದವನು! ಈ ಊರಿನ ಮಗನಾದ ಬಸವಣ್ಣನವರು ಬಿಜ್ಜಳನ ಆಳ್ವಿಕೆಯಲ್ಲಿ ಮೊದಲು ಕರಣಿಕರಾಗಿ ಲೆಕ್ಕ ಬರೆದವರು, ಆಮೇಲೆ ಭಂಡಾರಿಯಾದವರು ಎಂದು ನಾವೆಲ್ಲ ಓದಿದ್ದೇವೆ. ಲೆಕ್ಕ ಬರೆಯುವುದು ಪ್ರಾಮಾಣಿಕನ ಕೈಯಲ್ಲಿ ದೊಡ್ಡ ಕಾಯಕ. ಅಲಕ್ಷ್ಯದ ಕೈಯಲ್ಲಿ ಅದೇ ದೊಡ್ಡ ಅನ್ಯಾಯ.

ನಮ್ಮ ನಾಡಿನದೇ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇವೆ. ನಮ್ಮ ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲನ್ನಿಟ್ಟವರು ಲಾಲಬಹಾದ್ದೂರ ಶಾಸ್ತ್ರಿಗಳು. ಮರುವರ್ಷ ಅವರು ಪ್ರಧಾನಮಂತ್ರಿಗಳಾಗಿದ್ದಾಗ ಪಾಕಿಸ್ತಾನದೊಡನೆ ಯುದ್ಧ ನಡೆಯಿತು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ನಮ್ಮ ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿನ ವಿಮಾನಗಳು ಪಂಜಾಬದ ಆದಮಪುರದಿಂದ ಹಾರಿ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿ ಮಾಡಿದವು. ದಾಳಿಯ ಮುಂದಾಳು ವಿಂಗ್ ಕಮಾಂಡರ್ ತನೇಜಾ. ದಾಳಿಗೆ ಗೊತ್ತು ಮಾಡಿದ ವಿಮಾನಗಳು ಹನ್ನೆರಡು. ಅವುಗಳಲ್ಲಿ ಯಾವುದಾದರೂ ಹಿಂದೆ ಬಿದ್ದರೆ ಇರಲಿ ಎಂದು ಕಾಯ್ದಿಟ್ಟ ವಿಮಾನವೊಂದರಲ್ಲಿ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರಿದ್ದರು. ವಯಸ್ಸು ಮೂವತ್ತೆರಡು. ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯನವರು ಅದರ ಜಾಗಕ್ಕೆ ಹೋದರು.

ದಾಳಿ ಮುಗಿಸಿ ಹಿಂದಿರುಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅವರ ಬೆನ್ನು ಹತ್ತಿತು. ಅದು ಅಮೇರಿಕೆಯಲ್ಲಿ ತಯಾರಾದದ್ದು, ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ದೇವಯ್ಯನವರದು ಫ್ರಾನ್ಸಿನ ಮಿಸ್ಟೇರ್, ವೇಗದಲ್ಲಿ ಅದಕ್ಕೆ ಹೋಲಿಕೆಯೇ ಇಲ್ಲ. ಪೆಟ್ಟು ಬಿದ್ದ ಮೇಲೂ ದೇವಯ್ಯನವರು ತಿರುಗಿ ನಿಂತು ಕಾದಿದರು, ಸ್ಟಾರ್‌ಫೈಟರನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಜೀವ ಉಳಿಸಿಕೊಂಡ. ದೇವಯ್ಯನವರು ಅಲ್ಲಿಯೇ ಮಡಿದರು.

ಇದನ್ನು ನಮ್ಮವರು ಯಾರೂ ಕಣ್ಣಾರೆ ಕಾಣಲಿಲ್ಲ. ಉಳಿದವರು ಮರಳಿ ಬಂದರು, ಇವರು ಬರಲಿಲ್ಲ. ಆದ್ದರಿಂದ ನಮ್ಮ ಕಡತದಲ್ಲಿ ಉಳಿದದ್ದು ಒಂದೇ ಶಬ್ದ: "ಕಾಣೆ". ಮಡದಿ ಮಕ್ಕಳ ಕೈಗೆ ಬಂದದ್ದೂ ಅದೇ ಶಬ್ದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ವರ್ಷಾನುವರ್ಷ ಆ ಶೌರ್ಯ ಸರಕಾರದ ಪಾಲಿಗೆ ನಡೆದೇ ಇರಲಿಲ್ಲ.

ಮುಂದೆ 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕ ಪ್ರಕಟವಾಯಿತು. ಪಾಕಿಸ್ತಾನದ ವಾಯುಪಡೆಯ ಸಹಾಯದಿಂದ, ಅದರ ಪ್ರತಾಪವನ್ನು ಹೇಳಲೆಂದೇ ಬರೆದ ಪುಸ್ತಕವದು. ಆ ಬೆಳಿಗ್ಗೆ ತಮ್ಮ ಸ್ಟಾರ್‌ಫೈಟರ್ ಒಂದು ಭಾರತದ ಮಿಸ್ಟೇರಿನೊಡನೆ ಕಾದಾಡಿ ಬಿದ್ದಿತೆಂಬ ಮಾತು ಅದರಲ್ಲಿತ್ತು. ಆ ದಾಳಿಗೆ ಹೋದವರಲ್ಲಿ ಮರಳದವರು ಯಾರು? ದೇವಯ್ಯನವರು. ಲೆಕ್ಕ ಕೂಡಿತು. ಕೊನೆಗೆ 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಪತ್ನಿ ಅದನ್ನು ಸ್ವೀಕರಿಸಿದರು.

ಈ ಸಂಗತಿ ಕೇಳಿ ಹೆಮ್ಮೆಪಟ್ಟು ಚಪ್ಪಾಳೆ ತಟ್ಟಿ ಎದ್ದುಹೋದರೆ ಸಾಲದು. ಇದರಿಂದ ಕಲಿಯಬೇಕಾದ ಪಾಠಗಳಿವೆ. ಮೊದಲನೆಯದು: ಕಡತದಲ್ಲಿ ಇಲ್ಲವೆಂದರೆ ನಡೆದಿಲ್ಲವೆಂದು ಅರ್ಥವಲ್ಲ. ಬರೆಯುವವರಿಗೆ ಗೊತ್ತಾಗಲಿಲ್ಲ ಎಂದಷ್ಟೇ ಅರ್ಥ. ಎರಡನೆಯದು: ಇಪ್ಪತ್ಮೂರು ವರ್ಷ ಕಳೆದ ಮೇಲೂ ಕಡತ ತೆರೆಯಲು ಬರುತ್ತದೆ. ಕಾಲ ಮೀರಿತು ಎಂದು ಬಾಯಿ ಮುಚ್ಚಿಸುವವರಿಗೆ 1988ರ ಆ ಪದಕವೇ ಉತ್ತರ. ಮೂರನೆಯದು ಕಹಿಯಾದದ್ದು: ಸಾಕ್ಷಿ ಹೇಳಿದವರು ವೈರಿಯ ಕಡೆಯವರು. ವೈರಿಯ ಪುಸ್ತಕ ಬಾರದಿದ್ದರೆ ಏನಾಗುತ್ತಿತ್ತು?

ಇಲ್ಲಿಯೇ ನಮ್ಮ ನಿಜವಾದ ಪ್ರಶ್ನೆ ಏಳುತ್ತದೆ. ದೇವಯ್ಯನವರು ಅಧಿಕಾರಿಗಳು, ಸ್ಕ್ವಾಡ್ರನ್ ಲೀಡರ್. ಅವರ ಹೋರಾಟದ ಸಾಕ್ಷಿ ಆಕಾಶದಿಂದ ಬಿದ್ದ ಒಂದು ವಿಮಾನ. ವಿಮಾನ ಬಿದ್ದರೆ ಯಾವ ದೇಶವೂ ಅದನ್ನು ಲೆಕ್ಕದಲ್ಲಿ ಹಿಡಿಯಲೇಬೇಕು. ಆದರೆ ರಾತ್ರಿ ಗುಡ್ಡ ಹತ್ತಿ ಗಾಯಗೊಂಡ ಜೊತೆಗಾರನನ್ನು ಹೊತ್ತು ತಂದ ಜವಾನನ ಸಾಕ್ಷಿ ಯಾರು? ಹೊತ್ತು ತಂದವನು ಮಾತಾಡುವುದಿಲ್ಲ, ಹೊರಿಸಿಕೊಂಡವನು ಬದುಕಿ ಉಳಿಯಲಿಲ್ಲ, ಕಂಡ ಅಧಿಕಾರಿ ಮರುದಿನದ ಕಾಳಗದಲ್ಲಿ ಮಡಿದ. ಅವನ ಶೌರ್ಯವನ್ನು ಯಾವ ಇಂಗ್ಲಿಷ್ ಲೇಖಕ ಬರೆಯಬೇಕು?

ಪದಕ ಹೇಗೆ ಬರುತ್ತದೆಂಬುದನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸರಕಾರ 1950ರ ಜನವರಿ 26ರಂದು ಸ್ಥಾಪಿಸಿ 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಮಾಡಿತು. ಸಿಪಾಯಿ ಇದಕ್ಕೆ ತಾನೇ ಅರ್ಜಿ ಹಾಕುವಂತಿಲ್ಲ. ಕಂಡವರು ಹೇಳಬೇಕು, ಪಲ್ಟಣದ ಮುಖ್ಯಾಧಿಕಾರಿ ಶಿಫಾರಸು ಬರೆಯಬೇಕು, ಅದು ಮೆಟ್ಟಿಲು ಮೆಟ್ಟಿಲಾಗಿ ದಿಲ್ಲಿಗೆ ಏರಬೇಕು, ರಾಷ್ಟ್ರಪತಿಗಳ ಒಪ್ಪಿಗೆಯಾಗಿ ಭಾರತದ ರಾಜಪತ್ರದಲ್ಲಿ ಅಚ್ಚಾಗಬೇಕು. ಈ ಏಣಿಯಲ್ಲಿ ಒಂದು ಮೆಟ್ಟಿಲು ಮುರಿದರೂ ಕಥೆ ಮುಗಿಯಿತು. ಮೇಲಿನ ಮೆಟ್ಟಿಲಲ್ಲಿ ಕುಳಿತವನಿಗೆ ಕೆಳಗಿನ ಮೆಟ್ಟಿಲು ಮುರಿದದ್ದು ಕಾಣುವುದೇ ಇಲ್ಲ.

ಜವಾನನನ್ನು ಎಣಿಸುವ, ಆದರೆ ಹೆಸರಿಸದಿರುವ ಈ ಚಾಳಿ ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯದಲ್ಲಿ ಕಾದಾಡಿದವು. ಆ ಪಲ್ಟಣಗಳ ವಾರಸುದಾರನಾದ ಮರಾಠಾ ಲಘು ಪದಾತಿ ದಳದ ಕೇಂದ್ರ ಇಂದು ನಮ್ಮ ಬೆಳಗಾವಿಯಲ್ಲಿದೆ. ಆ ರಣರಂಗದಲ್ಲಿ ಮಡಿದವರಿಗಾಗಿ ಇರಾಕಿನ ಬಸ್ರಾದಲ್ಲಿ ಬ್ರಿಟಿಷರು ಸ್ಮಾರಕ ಕಟ್ಟಿಸಿದರು. ಅದರ ಮೇಲೆ ಅಧಿಕಾರಿಗಳ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ, ಪಲ್ಟಣಕ್ಕೆ ಇಷ್ಟು ಮಂದಿ ಎಂದು ಅಂಕೆ ಮಾತ್ರ ಹಾಕಿದರು. ಚೀಲ ಎಣಿಸಿದಂತೆ ಎಣಿಸಿದರು! ಮಡಿದವರನ್ನು ಹೀಗೆ ಸಮನಾಗಿ ಕಾಣಲಿಲ್ಲವೆಂದು ಯುದ್ಧಸಮಾಧಿಗಳ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಅಷ್ಟರಲ್ಲಿ ನೂರು ವರ್ಷ ಸಂದಿತ್ತು.

"ಹಳೆಯ ಕಾಗದ ಹಾಳಾಗಿವೆ, ನಾವೇನು ಮಾಡೋಣ?" ಎಂದು ಕಚೇರಿಯವರು ಕೇಳುತ್ತಾರೆ. ಹೊರಗಿನವರು ಏನು ಮಾಡಿದರೆಂಬುದನ್ನು ನೋಡಿರಿ. ಅಮೇರಿಕೆಯ ಸೇಂಟ್ ಲೂಯಿಸ್ ನಗರದಲ್ಲಿ ಸೈನಿಕರ ದಾಖಲೆಗಳ ದೊಡ್ಡ ಕಟ್ಟಡಕ್ಕೆ 1973ರ ಜುಲೈಯಲ್ಲಿ ಬೆಂಕಿ ಬಿತ್ತು. ಸುಟ್ಟುಹೋದ ಕಡತಗಳು ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಕ್ಕು. ಆದರೂ ಅವರು ಕೈಚೆಲ್ಲಲಿಲ್ಲ. ಸಂಬಳದ ಪಟ್ಟಿ, ಆಸ್ಪತ್ರೆಯ ಪುಸ್ತಕ, ಪಲ್ಟಣದ ದಿನಚರಿ ಇವನ್ನೆಲ್ಲ ಕೂಡಿಸಿ ಕಡತಗಳನ್ನು ಮತ್ತೆ ಕಟ್ಟತೊಡಗಿದರು. ಅದೇ ದೇಶದಲ್ಲಿ ಎರಡನೆಯ ಮಹಾಯುದ್ಧದ ಅತ್ಯುನ್ನತ ಪದಕ ಒಬ್ಬನೇ ಒಬ್ಬ ಕರಿಯ ಸೈನಿಕನಿಗೂ ಸಿಕ್ಕಿರಲಿಲ್ಲ. ಸರಕಾರ ತಾನಾಗಿ ತನಿಖೆ ಮಾಡಿಸಿತು. 1997ರಲ್ಲಿ ಏಳು ಮಂದಿಗೆ ಪದಕ ಕೊಡಲಾಯಿತು. ಆ ಹೊತ್ತಿಗೆ ಬದುಕಿ ಉಳಿದಿದ್ದವನು ವರ್ನನ್ ಬೇಕರ್ ಒಬ್ಬನೇ. ತಡವಾಗಿ ಕೊಡುವ ನ್ಯಾಯಕ್ಕೆ ತೆಗೆದುಕೊಳ್ಳುವ ಕೈಗಳು ಕಡಿಮೆಯಾಗುತ್ತ ಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಾವು ಮಾಡಬೇಕಾದದ್ದೇನು? ಎರಡು ಬಗೆಯ ಪ್ರಕರಣಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪದಕ ಕೊಟ್ಟದ್ದುಂಟು, ಆದರೆ ಸಿಪಾಯಿಯ ಕಾಗದದಲ್ಲಿ ಬರೆದಿಲ್ಲ ಎಂಬುದು ಒಂದು ಬಗೆ. ಇದರಲ್ಲಿ ಬೇಡುವುದೇನಿಲ್ಲ, ತಿದ್ದಿಸಿಕೊಳ್ಳುವುದು ಹಕ್ಕು. ಡಿಸ್‌ಚಾರ್ಜ್ ಪುಸ್ತಕ, ರಾಜಪತ್ರದ ಪ್ರತಿ, ಪಲ್ಟಣದ ಪಾರ್ಟ್ ಟೂ ಆರ್ಡರು, ಇವನ್ನು ಕೂಡಿಸಿ ತನ್ನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಸೇವೆಯ ತಕರಾರುಗಳಿಗಾಗಿ 2007ರ ಕಾಯಿದೆಯಂತೆ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ.

ಎರಡನೆಯ ಬಗೆ, ಶಿಫಾರಸೇ ಆಗದ ಶೌರ್ಯ. ಇದು ಕಠಿಣ. ಪದಕ ಹಕ್ಕಲ್ಲ, ರಾಷ್ಟ್ರ ಕೊಡುವ ಗೌರವ ಎಂಬ ವಾದ ಬರುತ್ತದೆ. ಇರಲಿ. ಗೌರವ ಕೊಡುವುದು ಬಿಡುವುದು ರಾಷ್ಟ್ರದ ಇಚ್ಛೆಯಾಗಿರಬಹುದು. ಆದರೆ ಸಾಕ್ಷಿಯನ್ನು ಕೇಳುವುದು ರಾಷ್ಟ್ರದ ಕರ್ತವ್ಯ. ಜೊತೆಗೆ ಕಾದಾಡಿದವರು ಇನ್ನೂ ಬದುಕಿರುವಾಗಲೇ ಅವರ ಹೇಳಿಕೆಗಳನ್ನು ಬರೆದಿಟ್ಟುಕೊಳ್ಳಬೇಕು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಹೇಳುವ ಬಾಯಿ ಮುಚ್ಚಿದ ಮೇಲೆ ಕೇಳುವ ಕಿವಿ ತೆರೆದು ಫಲವೇನು?

ಸುಳ್ಳು ಹಕ್ಕು ಸಾಧಿಸುವವರು ನುಗ್ಗಿಬಿಟ್ಟಾರು ಎಂಬ ಭಯವನ್ನೂ ನಾವು ಅಲ್ಲಗಳೆಯುವುದಿಲ್ಲ. ಪರೀಕ್ಷೆ ಬಿಗಿಯಾಗಿಯೇ ಇರಲಿ. ನಿಜವಾಗಿ ಕಾದಿದವನಿಗೆ ಪರೀಕ್ಷೆಯ ಅಂಜಿಕೆಯಿಲ್ಲ. ಅವನ ದೂರು ಪರೀಕ್ಷೆ ಮಾಡುತ್ತಾರೆಂದಲ್ಲ, ಪರೀಕ್ಷೆಯನ್ನೇ ಮಾಡದೆ ಕಳಿಸುತ್ತಾರೆಂದು.

ಆದುದರಿಂದ ಸರಕಾರದ ಮುಂದೆ ನಮ್ಮ ಬೇಡಿಕೆಗಳು ಮೂರು. ಸೇವೆಯಿಂದ ಬಿಡುವ ದಿನ ಪ್ರತಿಯೊಬ್ಬ ಸೈನಿಕನಿಗೂ ಅವನ ಪೂರ್ಣ ದಾಖಲೆಯ ಪ್ರತಿಯನ್ನು, ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಕೊಡಬೇಕು. "ದಾಖಲೆ ಇಲ್ಲ" ಎಂದು ಉತ್ತರಿಸುವ ಕಚೇರಿ ಎಲ್ಲೆಲ್ಲಿ ಹುಡುಕಿತೆಂಬುದನ್ನು ಬರಹದಲ್ಲಿ ತಿಳಿಸಿ ಸಹಿ ಹಾಕಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಹಳ್ಳಿಗೆ ಬಂದು ವೃದ್ಧ ಸೈನಿಕರ ಹೇಳಿಕೆ ಬರೆದುಕೊಳ್ಳಬೇಕು. ಎಂಬತ್ತರ ಮುದುಕನನ್ನು ಬಸ್ಸು ಹತ್ತಿಸಿ ಕಚೇರಿಯ ಕಟ್ಟೆಯ ಮೇಲೆ ಕೂಡಿಸಬಾರದು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು.

ಸರಕಾರ ಮಾಡುವವರೆಗೆ ನಾವೂ ಸುಮ್ಮನೆ ಕೂಡಬಾರದು. ನಮ್ಮ ಜಿಲ್ಲೆಯಲ್ಲಿ 1963ರಿಂದ ಸೈನಿಕ ಶಾಲೆ ನಡೆದಿದೆ. ಅಧಿಕಾರಿಗಳಾಗಲು ಮಕ್ಕಳನ್ನು ಸಿದ್ಧ ಮಾಡುತ್ತಿದೆ. ಸಂತೋಷ. ಅದೇ ರೀತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಪ್ರತಿ ಹಳ್ಳಿಯಲ್ಲಿ ಓದು ಬಲ್ಲ ಹುಡುಗನೊಬ್ಬ ತನ್ನ ಊರಿನ ಹಳೆಯ ಸಿಪಾಯಿಯ ಬಳಿ ಕುಳಿತು, ಯಾವ ಪಲ್ಟಣ, ಯಾವ ವರ್ಷ, ಯಾವ ರಣಾಂಗಣ, ಜೊತೆಗಿದ್ದವರು ಯಾರು ಎಂಬುದನ್ನು ಬರೆದುಕೊಳ್ಳಲಿ. ತಾರೀಖು ಹಾಕಲಿ, ಇಬ್ಬರು ಸಾಕ್ಷಿಗಳ ಸಹಿ ಮಾಡಿಸಲಿ. ಟ್ರಂಕಿನಲ್ಲಿರುವ ಕಾಗದಗಳ ಪ್ರತಿ ತೆಗೆಸಿಡಲಿ. ನಾಳೆ ದಿಲ್ಲಿಯ ಕಡತದೊಡನೆ ತಾಳೆ ನೋಡಲು ನಮ್ಮಲ್ಲಿಯೂ ಒಂದು ಕಡತ ಇರಬೇಕು. ಅದನ್ನು ಬರೆಯುವ ಕೆಲಸ ಈ ವಾರವೇ ಮೊದಲಾಗಲಿ ಎಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.