ಆಚಾರ್ಯರ ಕಾಲನಿರ್ಣಯ ಮತ್ತು ಇತಿಹಾಸಲೇಖನ
(ಉಪನ್ಯಾಸದ ಬರಹರೂಪ)



ಶ್ರೀಮದಾಚಾರ್ಯರ ಅವತಾರವಾದುದು ಯಾವ ವರ್ಷದಲ್ಲಿ? ಪಂಚಾಂಗ ಬಲ್ಲ ಮನೆತನದವರಿಗೆ ಇದು ಸುಲಭದ ಪ್ರಶ್ನೆಯೆಂದು ತೋರಬಹುದು. ಆದರೆ ಆಧಾರಗಳು ಏಕಕಂಠದಿಂದ ನುಡಿಯುವುದಿಲ್ಲ. ಮಠದ ಪರಂಪರಾಪಟ್ಟಿಯಂತೆ ಅವತಾರ ಶಕ 1040, ವಿಲಂಬಿ. ಬದರೀಪ್ರವೇಶ ಶಕ 1119, ಪಿಂಗಳ. ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಆಚಾರ್ಯರೇ ಸೂಚಿಸಿರುವುದು ಕಲಿಯುಗದ 4300 ವರ್ಷಗಳು ಸಂದ ಕಾಲವನ್ನು, ಅಂದರೆ ಕ್ರಿ.ಶ. 1199.

ಇನ್ನು ಶಿಲೆಯ ಸಾಕ್ಷ್ಯ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮದಲ್ಲಿ ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರ ಶಕ 1203ರ, ಅಂದರೆ ಕ್ರಿ.ಶ. 1281ರ ಶಾಸನವಿದೆ. ಅದು ತಿಳಿಸುವುದು ಶಿಷ್ಯರ ಕಾಲವನ್ನೇ ಹೊರತು ಗುರುಗಳ ಕಾಲವನ್ನಲ್ಲ. ಆದರೂ 1197ರಲ್ಲಿ ಬದರಿಗೆ ತೆರಳಿದವರ ಶಿಷ್ಯರು 84 ವರ್ಷಗಳ ತರುವಾಯ ಕಲಿಂಗದಲ್ಲಿದ್ದರೆಂಬುದು ಸಂಭವನೀಯವಲ್ಲ.

ಹಾಗಾದರೆ ನಮ್ಮ ಪಟ್ಟಿ ಸುಳ್ಳೆ? ಅದನ್ನು ಒಮ್ಮೆಗೇ ತಳ್ಳಿಹಾಕುವವನನ್ನು ನಾನು ಇತಿಹಾಸಕಾರನೆನ್ನಲಾರೆ. ಶಕ 1040ಕ್ಕೆ 60 ವರ್ಷಗಳ ಎರಡು ಆವರ್ತಗಳನ್ನು ಕೂಡಿಸಿ ನೋಡಿ: ಶಕ 1160, ಕ್ರಿ.ಶ. 1238, ಸಂವತ್ಸರ ಮತ್ತೆ ವಿಲಂಬಿಯೇ. 1119ಕ್ಕೂ ಅಷ್ಟೇ ಕೂಡಿಸಿದರೆ ಕ್ರಿ.ಶ. 1317, ಅದೂ ಪಿಂಗಳ. 79 ವರ್ಷಗಳ ಆಯುಃಪ್ರಮಾಣವೂ ಕೆಡದು. ಮನೆಯಲ್ಲಿಯೇ ಪರೀಕ್ಷಿಸಬಹುದು: 2018ರ ಯುಗಾದಿಗೆ ಬಂದುದು ವಿಲಂಬಿ, ಅದರಲ್ಲಿ ಹದಿಮೂರು ಆವರ್ತಗಳನ್ನು, ಎಂದರೆ 780 ವರ್ಷಗಳನ್ನು, ಕಳೆದರೆ 1238. ಶಿಷ್ಯಪರಂಪರೆ ಸಂವತ್ಸರದ ಹೆಸರನ್ನು ನೆನಪಿನಲ್ಲಿ ಕಾಪಾಡಿತು, ಅಂಕೆಯನ್ನು ಬಳಿಕ ಯಾರೋ ಗಣಿಸಿ ಸೇರಿಸಿದರು ಎಂದು ನನ್ನ ಊಹೆ. ಒಂದೇ ಸಾಲಿನಲ್ಲಿ ನೆನಪೂ ಲೆಕ್ಕವೂ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವುದೇ ಇತಿಹಾಸಲೇಖನದ ಮೊದಲ ಕೆಲಸ.

ಆಚಾರ್ಯವಾಕ್ಯವೇ ಇರುವಾಗ ಈ ಶೋಧನೆ ಏಕೆಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದುದೇ. ವಾಕ್ಯವನ್ನು ಅಕ್ಷರಶಃ ಗ್ರಹಿಸುವ ವಿದ್ವಾಂಸರು ಇಂದಿಗೂ 1199ನ್ನೇ ಹಿಡಿಯುತ್ತಾರೆ. ಮುಂಬಯಿಯ ರೂಪಾರೆಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಬಿ.ಎನ್.ಕೆ. ಶರ್ಮರು 1238ನ್ನು ಸಮರ್ಥಿಸಿದರು. ಈ ಪಕ್ಷದಲ್ಲಿ 4300 ಎಂಬುದು ಶತಮಾನವನ್ನು ಸೂಚಿಸುವ ಸ್ಥೂಲಸಂಖ್ಯೆ. ನರಹರಿತೀರ್ಥರು ಕಲಿಂಗದಿಂದ ಮೂಲರಾಮನ ಪ್ರತಿಮೆಯನ್ನು ತಂದು ಗುರುಗಳಿಗೆ ಒಪ್ಪಿಸಿದರೆಂಬುದು ಸಂಪ್ರದಾಯ. ಅವರ ಶಾಸನಗಳಾದರೋ 1290ರ ದಶಕದವರೆಗೂ ಅಲ್ಲಿಯೇ ದೊರೆಯುತ್ತವೆ. 1199ನ್ನು ಒಪ್ಪಿದರೆ ಬದರೀಪ್ರವೇಶ 1278ಕ್ಕೆ ಬರುವುದರಿಂದ ಆ ಸಂಪ್ರದಾಯಕ್ಕೇ ಬಾಧೆ. ಈ ಕಾರಣದಿಂದ ನನಗೆ 1238 ಯುಕ್ತವೆನಿಸಿದೆ.

ಊರಿನಿಂದ ತಂದ ವಂಶಾವಳಿ, ಶ್ರಾದ್ಧತಿಥಿಗಳ ಹಳೆಯ ಹಾಳೆಗಳು ನಿಮ್ಮಲ್ಲಿ ಹಲವರ ಮನೆಗಳಲ್ಲಿವೆ. ಅವನ್ನು ಗಣಕಯಂತ್ರಕ್ಕೆ ಏರಿಸುವ ಯುವಕರು ಸಂವತ್ಸರ, ಮಾಸ, ತಿಥಿಗಳನ್ನು ಇದ್ದಂತೆಯೇ ಬರೆಯಲಿ. ತಾವು ಗಣಿಸಿದ ಇಸವಿಯನ್ನು ಪಕ್ಕದ ಅಂಕಣದಲ್ಲಿ ಪ್ರತ್ಯೇಕವಾಗಿ ಇಡಲಿ. ಹಾಳೆಯನ್ನು ಮಾತ್ರ ಎಸೆಯದಿರಲಿ.